ಡಿಮೆನ್ಷಿಯಾ ಇರುವ ಮನೆಗೆ ನೆರವಾಗುವುದು ಹೇಗೆ: ಮೊದಲು ಎರಡು ಗಂಟೆ, ಆಮೇಲೆ ದುಡ್ಡು

"ಏನಾದ್ರೂ ಬೇಕಾದ್ರೆ ಹೇಳಿ." ಅಮ್ಮನಿಗೆ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ ಮೆಲ್ಲಗೆ ಕುಗ್ಗುವ ಕಾಯಿಲೆ, ಅಂತ ಗೊತ್ತಾದ ಮೊದಲ ವರ್ಷ ಈ ಮಾತನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹೇಳಿದವರೆಲ್ಲ ಒಳ್ಳೆಯವರೇ. ಆದರೆ ನಾನು ಒಬ್ಬರಿಗೂ ಏನೂ ಹೇಳಲಿಲ್ಲ. ಏನು ಬೇಕು ಅಂತ ಯೋಚಿಸುವುದಕ್ಕೂ ತಲೆಯಲ್ಲಿ ಸ್ವಲ್ಪ ಜಾಗ ಇರಬೇಕಲ್ವಾ? ಕೊನೆಗೊಂದು ದಿನ ಪಕ್ಕದ ಮನೆಯಾಕೆ ಬಂದು, "ಮಂಗಳವಾರ ನಾಲ್ಕರಿಂದ ಆರರ ತನಕ ನಾನು ಅಮ್ಮನ ಹತ್ತಿರ ಕೂತಿರ್ತೀನಿ, ನೀವು ಎಲ್ಲಾದ್ರೂ ಹೋಗಿ ಬನ್ನಿ" ಅಂದರು. ನಾನು ಎಲ್ಲಿಗೂ ಹೋಗಲಿಲ್ಲ. ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಗಂಟೆ ನಿದ್ದೆ ಮಾಡಿದೆ.

ಇದು ಅಂಥ ನೆರೆಯವರಿಗೆ, ನೆಂಟರಿಗೆ, ಗೆಳೆಯರಿಗೆ ಬರೆದದ್ದು. ದುಡ್ಡು ಕೂಡಿಸುವ ವಿಷಯವೂ ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಈ ಕಾಯಿಲೆ ದುಡ್ಡಿಗಿಂತ ಮೊದಲು ಹೊತ್ತನ್ನು ತಿನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ ಡಿಮೆನ್ಷಿಯಾದಿಂದ ಆದ ವೆಚ್ಚ 1.3 ಲಕ್ಷ ಕೋಟಿ ಡಾಲರ್. ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಆಸ್ಪತ್ರೆಯ ಬಿಲ್ಲಲ್ಲ, ಔಷಧಿಯದ್ದೂ ಅಲ್ಲ. ಮನೆಯವರು, ಆಪ್ತರು ಸಂಬಳವಿಲ್ಲದೆ ಮಾಡಿದ ಆರೈಕೆಯ ಬೆಲೆ ಅದು. ಸರಾಸರಿ ದಿನಕ್ಕೆ 5 ಗಂಟೆ. ಆ ಗಂಟೆಗಳಲ್ಲಿ ನೂರಕ್ಕೆ 70ರಷ್ಟು ಹೆಂಗಸರವು. ಹಾಗಾಗಿ ನೆರವು ಅಂದರೆ ಮೊದಲು ಆ ಗಂಟೆಗಳಲ್ಲಿ ಒಂದೆರಡನ್ನು ಅವರಿಂದ ಇಳಿಸಿಕೊಳ್ಳುವುದು.

ಒಂದು ವಾರದ ಡೈರಿ

ಗುಂಪು ಮಾಡುವುದಕ್ಕೂ, ಚೀಟಿ ಅಂಟಿಸುವುದಕ್ಕೂ ಮುಂಚೆ ಆರೈಕೆ ಮಾಡುವವರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. "ನಿಮಗೇನು ಬೇಕು" ಅಂತ ಕೇಳಬೇಡಿ. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯ್ತು, ಹೇಳಿ" ಅನ್ನಿ. ಅವರು ಹೇಳಿದ್ದನ್ನು ನೀವೇ ಬರೆದುಕೊಳ್ಳಿ. ಸಾಧ್ಯವಾದರೆ ಒಂದು ವಾರ ಹೀಗೇ ಬರೆಯಿರಿ. ಫೋನಿನಲ್ಲಿ ದಿನಕ್ಕೆ ಐದು ನಿಮಿಷ ಮಾತಾಡಿದರೂ ಸಾಕು.

ವಾರದ ಕೊನೆಗೆ ಒಂದು ಚಿತ್ರ ಮೂಡುತ್ತದೆ. ಕೆಲವರ ಮನೆಯಲ್ಲಿ ಕಷ್ಟದ ಹೊತ್ತು ಸ್ನಾನದ್ದು. ಕೆಲವರಲ್ಲಿ ಸಂಜೆ. ಹೊತ್ತು ಮುಳುಗುವಾಗ ಗೊಂದಲ, ಚಡಪಡಿಕೆ, "ನಾನು ಮನೆಗೆ ಹೋಗಬೇಕು" ಅನ್ನುವ ಹಟ ಜಾಸ್ತಿಯಾಗುವುದು ಈ ಕಾಯಿಲೆಯಲ್ಲಿ ತೀರಾ ಸಾಮಾನ್ಯ. ಇನ್ನು ಕೆಲವರಿಗೆ ರಾತ್ರಿಯೇ ಇಲ್ಲ. ಯಾವ ಎರಡು ಗಂಟೆ ಇನ್ನೊಬ್ಬರು ಬಂದರೆ ಇಡೀ ದಿನ ಹಗುರಾಗುತ್ತದೆ ಅನ್ನುವುದು ಡೈರಿಯಲ್ಲೇ ಸಿಗುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಕೂತರೆ ನಿಮಗೇನೋ ಅನುಕೂಲ. ಅವರಿಗೆ ಬೇಕಿರುವುದು ಸಂಜೆ ಐದಕ್ಕೆ.

ಯಾವ ಬಗೆಯ ಡಿಮೆನ್ಷಿಯಾ ಅಂತಲೂ ತಿಳಿದುಕೊಳ್ಳಿ. ಡಿಮೆನ್ಷಿಯಾ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ನೂರಕ್ಕೆ 60ರಿಂದ 70 ಮಂದಿಗೆ ಕಾರಣ ಅಲ್‌ಝೈಮರ್ಸ್. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಒಂದು. ಲ್ಯೂಯಿ ಬಾಡಿ ಅನ್ನುವುದರಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ, ಒಂದು ದಿನ ಚೆನ್ನಾಗಿದ್ದವರು ಮರುದಿನ ಬೇರೆಯೇ ಆಗಿರುತ್ತಾರೆ. ಫ್ರಾಂಟೋಟೆಂಪೊರಲ್ ಬಗೆಯಲ್ಲಿ ನೆನಪು ಮೊದಮೊದಲು ಚೆನ್ನಾಗಿಯೇ ಇದ್ದು ನಡತೆ, ಮಾತು ಕೆಡುತ್ತದೆ. ಇದು ಬಹಳ ಸಲ 45ರಿಂದ 65ರ ಒಳಗೆ ಬರುತ್ತದೆ. ಅಂದರೆ ದುಡಿಯುತ್ತಿದ್ದವರೇ ಕೆಲಸ ಬಿಡಬೇಕಾಗುತ್ತದೆ, ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಅಂಥ ಮನೆಗೆ ದುಡ್ಡಿನ ನೆರವು ಮೊದಲ ದಿನದಿಂದಲೇ ಬೇಕಾಗಬಹುದು.

ಇನ್ನೂ ಡಾಕ್ಟರ ಹತ್ತಿರವೇ ಹೋಗಿಲ್ಲ, "ವಯಸ್ಸಾಯ್ತು, ಮರೆವು" ಅಂತ ಸುಮ್ನೆ ಇದ್ದಾರೆ ಅಂದರೆ ನಿಮ್ಮ ಮೊದಲ ನೆರವು ಅಲ್ಲಿಗೆ ಕರೆದುಕೊಂಡು ಹೋಗುವುದೇ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು ಡಿಮೆನ್ಷಿಯಾದಂತೆಯೇ ಕಾಣಬಹುದು. ಅವುಗಳಿಗೆ ಮದ್ದುಂಟು.

ಅವರನ್ನೇ ಕೇಳಿ

ಇದನ್ನು ಎಲ್ಲರೂ ಮರೆಯುತ್ತಾರೆ. ಕಾಯಿಲೆ ಶುರುವಿನಲ್ಲಿದ್ದರೆ ಆ ವ್ಯಕ್ತಿಗೆ ಬಹಳಷ್ಟು ಅರ್ಥವಾಗುತ್ತದೆ. ಯಾರಿಗೆ ಹೇಳಬಹುದು, ಫೋಟೋ ಹಾಕಬಹುದಾ, ಯಾರು ಬಂದು ಕೂತರೆ ಇಷ್ಟ, ಯಾರು ಬೇಡ? ಅವರೇ ಹೇಳಲಿ. ಅಮ್ಮ ಒಬ್ಬರ ಹೆಸರು ಹೇಳಿ "ಅವಳೊಬ್ಬಳು ಬೇಡ, ಊರಿಗೆಲ್ಲ ಹೇಳ್ತಾಳೆ" ಅಂದಿದ್ದರು. ಮರೆವಿನಲ್ಲೂ ಜನರನ್ನು ಅಳೆಯುವುದು ಅವರಿಗೆ ಮರೆತಿರಲಿಲ್ಲ.

ಹಣಕಾಸು, ಚಿಕಿತ್ಸೆಯ ತೀರ್ಮಾನ ತಗೊಳ್ಳುವ ಅಧಿಕಾರವನ್ನು ನಂಬಿಕಸ್ತರಿಗೆ ಬರೆದುಕೊಡುವ ಕಾಗದಪತ್ರವನ್ನೂ ಈ ಹಂತದಲ್ಲೇ ಮಾಡಿಸಿಕೊಳ್ಳಬೇಕು. ಸಹಿ ಹಾಕುವಾಗ ವಿಷಯ ಅರ್ಥವಾಗುತ್ತಿರಬೇಕು ಅನ್ನುವುದು ಕಾನೂನಿನ ಮಾತು. ತಡವಾದರೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಜಾಗೆಜಾಗೆಗೆ ನಿಯಮ ಬೇರೆ. ಒಬ್ಬ ವಕೀಲರನ್ನು ಹುಡುಕಿ ಅಪಾಯಿಂಟ್‌ಮೆಂಟ್ ಮಾಡಿಸುವುದೂ ಗುಂಪಿನಲ್ಲಿ ಒಬ್ಬರು ಹೊತ್ತುಕೊಳ್ಳಬಹುದಾದ ಕೆಲಸ.

ಸಣ್ಣ ಗುಂಪು, ಒಬ್ಬ ಮುಖ್ಯಸ್ಥ

ಐವತ್ತು ಜನರ ವಾಟ್ಸಾಪ್ ಗುಂಪು ಬೇಡ. ಅದರಲ್ಲಿ ಕೈ ಮುಗಿಯುವ ಚಿತ್ರಗಳು ಬರುತ್ತವೆ, ಮನುಷ್ಯರು ಬರುವುದಿಲ್ಲ. ನಾಲ್ಕರಿಂದ ಆರು ಜನ ಸಾಕು. ಅವರಲ್ಲಿ ಒಬ್ಬರು ಯಾರು ಯಾವತ್ತು ಅಂತ ನೋಡಿಕೊಳ್ಳಲಿ. ಆ ಒಬ್ಬರು ಮನೆಯಲ್ಲಿ ಆರೈಕೆ ಮಾಡುವವರು ಆಗಿರಲೇಬಾರದು. ಇದು ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು. ನೆರವು ಕೊಡಲು ಬರುವವರನ್ನು ಸಂಭಾಳಿಸುವುದೇ ಅವರಿಗೆ ಇನ್ನೊಂದು ಕೆಲಸವಾದರೆ ನೀವು ಹೋಗದಿರುವುದೇ ವಾಸಿ.

ಒಬ್ಬರಿಗೆ ಒಂದು ದಿನ, ಒಂದೇ ಹೊತ್ತು. ಇವತ್ತು ಇವರು, ನಾಳೆ ಅವರು ಅಂತ ಬದಲಾಯಿಸುತ್ತಿದ್ದರೆ ಮರೆವಿರುವವರಿಗೆ ದಿನಾ ಹೊಸಬರು ಮನೆಯೊಳಗೆ ನುಗ್ಗಿದಂತೆ. ಹೆಸರು ನೆನಪಿರದಿದ್ದರೂ ಮುಖ, ದನಿ ಮೆಲ್ಲಗೆ ಪರಿಚಯವಾಗುತ್ತದೆ. ಮೊದಲ ಎರಡು ಮೂರು ಸಲ ಮನೆಯವರು ಇರುವಾಗಲೇ ಹೋಗಿ ಕೂತಿರಿ. ಆಮೇಲೆ ಅವರು ಹೊರಗೆ ಹೋಗಲಿ.

ಮನೆಯವರಿಂದ ಒಂದು ಪುಟ ಬರೆಸಿಕೊಳ್ಳಿ: ಏನಂತ ಕರೆದರೆ ಅವರು ತಿರುಗುತ್ತಾರೆ, ಹಿಂದೆ ಏನು ಕೆಲಸ ಮಾಡುತ್ತಿದ್ದರು, ಯಾವ ಹಾಡು ಇಷ್ಟ, ಯಾವ ವಿಷಯ ತೆಗೆದರೆ ಅಳುತ್ತಾರೆ, ಕನ್ನಡಕ ಮತ್ತು ಕಿವಿಯ ಮಷೀನ್ ಎಲ್ಲಿರುತ್ತವೆ, ನುಂಗಲು ತೊಂದರೆ ಇದೆಯಾ, ಬಚ್ಚಲಿಗೆ ಹೋಗಬೇಕು ಅಂದರೆ ಯಾವ ಗುರುತು ತೋರಿಸುತ್ತಾರೆ, ತುರ್ತಿಗೆ ಯಾರ ನಂಬರ್. ಬಚ್ಚಲಿನ ಗುರುತು ತುಂಬ ಮುಖ್ಯ. ಅಮ್ಮ ಸೆರಗನ್ನು ಬೆರಳಿಗೆ ಸುತ್ತಲು ಶುರುಮಾಡಿದರೆ ಅದೇ ಗುರುತು. ಗೊತ್ತಿಲ್ಲದವರು "ಯಾಕೋ ಇವತ್ತು ಗಡಿಬಿಡಿ" ಅಂದುಕೊಳ್ಳುತ್ತಿದ್ದರು.

ಹೋಗಿ ಕೂತಾಗ

ಎದುರಿನಿಂದ ಬನ್ನಿ. ಹಿಂದಿನಿಂದ ಮುಟ್ಟಬೇಡಿ. ನಿಮ್ಮ ಹೆಸರು ನೀವೇ ಹೇಳಿ. "ನಾನ್ಯಾರು ಹೇಳಿ ನೋಡೋಣ" ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಅದು ಪರೀಕ್ಷೆ, ಅವರು ಪ್ರತಿ ಸಲವೂ ಫೇಲಾಗುವ ಪರೀಕ್ಷೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯಿರಿ. ಕಾಯುವುದು ನಮಗೆಲ್ಲ ಕಷ್ಟ.

ತೀರಿಕೊಂಡ ಗಂಡ ಇನ್ನೂ ಆಫೀಸಿನಿಂದ ಬಂದಿಲ್ಲ ಅಂತ ಕೇಳಿದರೆ? "ಅವರು ಹೋಗಿ ಹತ್ತು ವರ್ಷವಾಯ್ತು" ಅಂದರೆ ಆ ಸಾವು ಅವರಿಗೆ ಈಗಷ್ಟೇ ಆದಂತೆ. "ಅವರು ನೆನಪಾದ್ರಾ? ಸಂಜೆ ಬಂದಾಗ ಏನು ಮಾಡ್ತಿದ್ರು?" ಅಂತ ಮಾತು ಮುಂದುವರಿಸಿ. ನಡೆದದ್ದು ಮರೆತುಹೋದರೂ ಅದರಿಂದ ಆದ ಬೇಸರ, ಖುಷಿ ಆಮೇಲೂ ಉಳಿದಿರುತ್ತದೆ. ನೀವು ಬಂದದ್ದು ನೆನಪಿರಲಿಕ್ಕಿಲ್ಲ. ನೀವು ಹೋದ ಮೇಲೆ ಅವರು ನೆಮ್ಮದಿಯಾಗಿ ಕೂತಿರುತ್ತಾರೆ, ಅಷ್ಟೇ.

ಒಂದು ಎಚ್ಚರಿಕೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಹೆಚ್ಚಿದರೆ, ಮಂಪರು ಕವಿದರೆ, ಇಲ್ಲದ್ದು ಕಾಣತೊಡಗಿದರೆ "ಕಾಯಿಲೆ ಜಾಸ್ತಿಯಾಯ್ತು" ಅಂತ ಬಿಡಬೇಡಿ. ಮೂತ್ರದ ಸೋಂಕು, ನಿರ್ಜಲೀಕರಣ, ಮಲಬದ್ಧತೆ, ಹೊಸ ಮಾತ್ರೆ ಯಾವುದಾದರೂ ಕಾರಣವಿರಬಹುದು. ಅವತ್ತೇ ಡಾಕ್ಟರಿಗೆ ತೋರಿಸಬೇಕು. ದಿನಾ ನೋಡುವವರಿಗಿಂತ ವಾರಕ್ಕೊಮ್ಮೆ ಬರುವ ನಿಮಗೇ ಇದು ಬೇಗ ಕಣ್ಣಿಗೆ ಬೀಳಬಹುದು.

ಮನೆಯಿಂದ ಹೊರಟುಬಿಟ್ಟರೆ

ಇಲ್ಲಿ ನೆರೆಹೊರೆಯಷ್ಟು ಉಪಯೋಗ ಬೇರೆ ಯಾರಿಂದಲೂ ಇಲ್ಲ. ಡಿಮೆನ್ಷಿಯಾ ಇರುವ ಹತ್ತರಲ್ಲಿ ಆರು ಮಂದಿ ಒಮ್ಮೆಯಾದರೂ ದಾರಿ ತಪ್ಪುತ್ತಾರೆ ಅನ್ನುತ್ತದೆ ಅಮೆರಿಕದ ಅಲ್‌ಝೈಮರ್ಸ್ ಅಸೋಸಿಯೇಷನ್. ಮನೆಯವರು ಒಪ್ಪಿದರೆ ಅಕ್ಕಪಕ್ಕದವರಿಗೆ, ಬೀದಿಯ ಅಂಗಡಿಯವರಿಗೆ, ಕಾವಲುಗಾರರಿಗೆ ಮೊದಲೇ ಹೇಳಿಡಿ: "ಇವರು ಒಬ್ಬರೇ ಕಂಡರೆ ಮಾತಾಡಿಸಿ ಕೂರಿಸಿ, ಈ ನಂಬರಿಗೆ ಫೋನ್ ಮಾಡಿ." ಇತ್ತೀಚಿನ ಫೋಟೋ ಇಬ್ಬರು ಮೂವರ ಫೋನಿನಲ್ಲಿರಲಿ. ಹೆಸರು, ನಂಬರ್ ಇರುವ ಬಳೆಯೋ ಪದಕವೋ ಮೈಮೇಲಿರಲಿ. ಕಾಣೆಯಾದರೆ ಮೊದಲು ಮನೆಯೊಳಗೆ, ಹಿತ್ತಲಲ್ಲಿ, ನೀರಿರುವ ಕಡೆ, ಹಳೇ ಮನೆ ಅಥವಾ ಹಳೇ ಕೆಲಸದ ಜಾಗಕ್ಕೆ ಹೋಗುವ ದಾರಿಯಲ್ಲಿ ಹುಡುಕಿ. ಹುಡುಕುತ್ತಿರುವಾಗಲೇ ಒಬ್ಬರು ಪೊಲೀಸರಿಗೆ ಹೇಳಲಿ. ಸಂಜೆವರೆಗೆ ಕಾಯೋಣ ಅನ್ನಬೇಡಿ.

ಈಗ ದುಡ್ಡಿನ ಮಾತು

ಅಲ್‌ಝೈಮರ್ಸ್ ಅಂತ ಗೊತ್ತಾದ ಮೇಲೆ ಸಾಮಾನ್ಯವಾಗಿ 4ರಿಂದ 8 ವರ್ಷ ಬದುಕುತ್ತಾರೆ. ಕೆಲವರು 20 ವರ್ಷವೂ ಇರುತ್ತಾರೆ. ಇದು ಆಪರೇಷನ್‌ಗೆ ದುಡ್ಡು ಕೂಡಿಸಿದ ಹಾಗಲ್ಲ. ಒಂದು ಸಲ ಎಲ್ಲರೂ ದೊಡ್ಡದಾಗಿ ಕೊಟ್ಟು, ಎಂಟನೇ ತಿಂಗಳಿಗೆ ಎಲ್ಲರೂ ಮರೆತರೆ ಏನು ಬಂತು? ಹತ್ತು ಜನ ತಿಂಗಳುತಿಂಗಳು ಸಣ್ಣ ಮೊತ್ತ ಕೊಡುವುದು ನೂರು ಜನ ಒಮ್ಮೆ ಕೊಡುವುದಕ್ಕಿಂತ ಮೇಲು. ನನ್ನ ಅನುಭವದಲ್ಲಂತೂ ಹಾಗೆ.

ಕೇಳುವ ಮೊದಲು ಸಿಗಬೇಕಾದದ್ದು ಸಿಗುತ್ತಿದೆಯಾ ನೋಡಿ. ಅಂಗವೈಕಲ್ಯದ ಪ್ರಮಾಣಪತ್ರ, ಪಿಂಚಣಿ, ತೆರಿಗೆ ವಿನಾಯಿತಿ, ವಿಮೆ, ಆರೈಕೆಗಾಗಿ ಸಿಗುವ ರಜೆ. ದೇಶದಿಂದ ದೇಶಕ್ಕೆ ಇವು ಬೇರೆ. ಅರ್ಜಿ ತುಂಬುವ ತಾಳ್ಮೆ ಇರುವ ಒಬ್ಬರು ಗುಂಪಿನಲ್ಲಿದ್ದರೆ ಅವರೇ ಬಂಗಾರ. ಇನ್ನೊಂದು ಸೂಕ್ಷ್ಮವಿದೆ. ಆದಾಯ ನೋಡಿ ಕೊಡುವ ಸವಲತ್ತು ಪಡೆಯುತ್ತಿದ್ದರೆ ನೀವು ಕೂಡಿಸಿದ ದುಡ್ಡು ಅವರ ಖಾತೆಗೆ ಬಿದ್ದು ಸವಲತ್ತೇ ನಿಂತುಹೋಗಬಹುದು. ಮೊದಲೇ ವಿಚಾರಿಸಿ.

ಆಮೇಲೆ ಲೆಕ್ಕ ಹಾಕಿ. ಡೈರಿ ಇದೆಯಲ್ಲ, ಅದರಿಂದಲೇ. ಗುಂಪು ತುಂಬಲಾಗದ ಗಂಟೆಗಳಿಗೆ ಕೇರ್‌ಟೇಕರ್ ಅಥವಾ ಡೇ ಕೇರ್, ಅಂದರೆ ಹಗಲು ಹೊತ್ತು ಇಂಥವರನ್ನು ನೋಡಿಕೊಳ್ಳುವ ಕೇಂದ್ರ. ದೊಡ್ಡವರ ಡೈಪರ್. ಬಚ್ಚಲಲ್ಲಿ ಹಿಡಿದುಕೊಳ್ಳುವ ಕಂಬಿ, ಜಾರದ ಚಾಪೆ, ಬಾಗಿಲು ತೆರೆದರೆ ಸದ್ದು ಮಾಡುವ ಬೆಲ್. ಔಷಧಿ. ಕೆಲಸ ಬಿಟ್ಟವರ ಕಳೆದುಹೋದ ಸಂಬಳವನ್ನು ಯಾರೂ ಪಟ್ಟಿಗೆ ಹಾಕುವುದಿಲ್ಲ. ಬಹಳ ಮನೆಗಳಲ್ಲಿ ದೊಡ್ಡ ಹೊಡೆತ ಅದೇ.

ಯಾವುದಕ್ಕೆ ಕೂಡಿಸಬಾರದು ಅಂತಲೂ ಹೇಳಿಬಿಡುತ್ತೇನೆ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಲಕ್ಷಣ ಹಗುರ ಮಾಡುತ್ತವೆ, ಕಾಯಿಲೆ ವಾಸಿ ಮಾಡುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಕಾನೆಮಾಬ್ ಅನ್ನುವ ಔಷಧಿ ಅಲ್‌ಝೈಮರ್ಸ್‌ನ ಶುರುವಿನ ಹಂತಕ್ಕೆ ಮಾತ್ರ. ಅದು ಇಳಿತವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಮಿದುಳಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಹಾಗಾಗಿ ಯಾರಾದರೂ "ಸ್ಟೆಮ್ ಸೆಲ್ ಹಾಕಿದರೆ ನೆನಪು ವಾಪಸ್ ಬರುತ್ತದೆ" ಅಂತ ದೊಡ್ಡ ಮೊತ್ತ ಹೇಳಿದರೆ ಅದಕ್ಕೆ ಚಂದಾ ಎತ್ತಬೇಡಿ. ಆ ದುಡ್ಡಿನಲ್ಲಿ ಒಂದು ವರ್ಷ ರಾತ್ರಿಗೊಬ್ಬ ಕೇರ್‌ಟೇಕರ್ ಇಡಬಹುದು.

ದುಡ್ಡು ಯಾರ ಕೈಯಲ್ಲಿ

ಬೇರೆ ಖಾತೆ. ಇಬ್ಬರ ಸಹಿ. ಮರೆವಿರುವವರ ಸ್ವಂತ ಖಾತೆಗೆ ಸೇರಿಸಬೇಡಿ. ಸಾಧ್ಯವಿದ್ದಷ್ಟು ಡೇ ಕೇರ್‌ಗೆ, ಕೇರ್‌ಟೇಕರ್‌ಗೆ ನೇರವಾಗಿ ಕಟ್ಟಿ, ರಸೀದಿ ಇಡಿ. ತಿಂಗಳಿಗೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಮೂರು ಸಾಲು ಬರೆದು ಕೊಟ್ಟವರಿಗೆ ಕಳಿಸಿ. ಲೆಕ್ಕ ತಲುಪುತ್ತಿರುವ ತನಕ ಜನ ಕೊಡುತ್ತಾರೆ. ಕ್ರೌಡ್‌ಫಂಡಿಂಗ್ ತಾಣ ಬಳಸುವುದಾದರೆ ಅವರು ಎಷ್ಟು ಮುರಿದುಕೊಳ್ಳುತ್ತಾರೆ, ಗುರಿ ಮುಟ್ಟದಿದ್ದರೆ ದುಡ್ಡು ಕೈಗೆ ಬರುತ್ತದಾ, ಯಾರ ಹೆಸರಿಗೆ ಬರುತ್ತದೆ ಅಂತ ಓದಿ ಶುರುಮಾಡಿ. ಉಳಿದ ದುಡ್ಡನ್ನು ಏನು ಮಾಡುವುದು ಅಂತ ಮೊದಲ ದಿನವೇ ಬರೆದಿಡಿ. ಸಾವಿನ ಮನೆಯಲ್ಲಿ ಕೂತು ಮಾತಾಡುವ ವಿಷಯವಲ್ಲ ಅದು.

ಕೇಳುವ ಕಾಗದ

ಉದ್ದ ಬೇಡ, ಕಣ್ಣೀರು ಬೇಡ. "ಈಗ ಮಗುವಿನಂತಾಗಿದ್ದಾರೆ" ಅಂತಂತೂ ಬರೆಯಲೇಬೇಡಿ. ಗೊಂದಲದಲ್ಲಿರುವ ವಿಡಿಯೋ ಹಾಕಬೇಡಿ. ಅವರು ಆರೋಗ್ಯವಾಗಿದ್ದಾಗ ಒಪ್ಪುತ್ತಿದ್ದಂಥ ಫೋಟೋ ಸಾಕು. ವಿಳಾಸ, ಬ್ಯಾಂಕಿನ ಹೆಸರು, ಯಾವಾಗ ಒಬ್ಬರೇ ಇರುತ್ತಾರೆ ಅನ್ನುವುದನ್ನು ಬರೆಯಬೇಡಿ. ಫೋನಿನಲ್ಲಿ ಮೋಸ ಮಾಡುವವರು ಹುಡುಕುವುದೇ ಇಂಥವರನ್ನು. ದುಡ್ಡನ್ನು ಗಂಟೆಯ ಲೆಕ್ಕದಲ್ಲಿ ಕೇಳಿ. ಹೀಗೆ:

"ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ನಮ್ಮ ಮೇಷ್ಟ್ರಿಗೆ ಎರಡು ವರ್ಷದಿಂದ ಡಿಮೆನ್ಷಿಯಾ. ಮನೆಯವರು ಹಗಲು ರಾತ್ರಿ ಜೊತೆಗಿದ್ದಾರೆ. ನಾವು ಐದು ಜನ ಸಂಜೆ ಹೋಗಿ ಕೂರುತ್ತಿದ್ದೇವೆ. ವಾರಕ್ಕೆ ಎರಡು ದಿನ ಅವರನ್ನು ಡೇ ಕೇರ್‌ಗೆ ಕಳಿಸಬೇಕು ಅಂತಿದೆ. ನಿಮ್ಮಿಂದ ತಿಂಗಳಿಗೆ ಒಂದು ದಿನದ ಖರ್ಚು ಆಗುತ್ತದಾ? ದುಡ್ಡು ಆಗದಿದ್ದರೆ ಒಂದು ಸಂಜೆ ಕೊಡಿ. ಎರಡೂ ಆಗದಿದ್ದರೆ ಬೇಸರವಿಲ್ಲ. ಪ್ರತಿ ತಿಂಗಳ ಕೊನೆಗೆ ಲೆಕ್ಕ ಕಳಿಸುತ್ತೇವೆ."

ಇದನ್ನು ಮನೆಯವರು ಓದಿ ಸರಿ ಅಂದ ಮೇಲೆಯೇ ಹೊರಗೆ ಬಿಡಿ.

ಕಾರ್ಯಕ್ರಮ ಮಾಡುವುದಾದರೆ

ಒಂದು ಮನೆಗೆ ಆದದ್ದು ಮೆಲ್ಲಗೆ ನಾಲ್ಕು ಮನೆಗೆ ಬೇಕು ಅನ್ನಿಸುತ್ತದೆ. ಸೆಪ್ಟೆಂಬರ್ 21 ವಿಶ್ವ ಅಲ್‌ಝೈಮರ್ಸ್ ದಿನ, 1994ರಿಂದ ನಡೆಯುತ್ತಿದೆ. 2012ರಿಂದ ಆ ಇಡೀ ತಿಂಗಳನ್ನೇ ಇದಕ್ಕೆ ಮೀಸಲಿಟ್ಟಿದ್ದಾರೆ. ಜನರ ಗಮನ ಇರುವ ಹೊತ್ತು, ಹಾಗಾಗಿ ಅದು ಒಳ್ಳೆಯ ಕಾಲ. ಸುಲಭವಾದದ್ದು ನಡಿಗೆ. ಸಭಾಂಗಣ ಬೇಡ, ಮೈಕ್ ಬೇಡ, ಪ್ರತಿಯೊಬ್ಬರೂ ತಮ್ಮ ಗೆಳೆಯರಿಂದ ಚಂದಾ ತರುತ್ತಾರೆ. ನಾವೊಮ್ಮೆ ಹುರುಪಿನಲ್ಲಿ ಸಂಗೀತದ ಸಂಜೆ ಇಟ್ಟುಕೊಂಡೆವು. ಬಾಡಿಗೆ, ಲೈಟು, ಶಾಲು, ನೆನಪಿನ ಕಾಣಿಕೆ ಅಂತ ಬಂದದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ಹೋಯಿತು. ಯಾರ ಹೆಸರಲ್ಲಿ ಕೂಡಿಸಿದ್ದೆವೋ ಅವರು ಗದ್ದಲಕ್ಕೆ ಹೆದರಿ ಹತ್ತೇ ನಿಮಿಷದಲ್ಲಿ ಮನೆಗೆ ಹೋದರು.

ಅದರಿಂದ ಕಲಿತದ್ದು: ಹಗಲು ಹೊತ್ತು, ಒಂದೂವರೆ ಗಂಟೆಯೊಳಗೆ, ಕಡಿಮೆ ಸದ್ದು, ಪಕ್ಕದಲ್ಲಿ ಒಂದು ಮೌನದ ಕೋಣೆ, ಶೌಚಾಲಯಕ್ಕೆ ದೊಡ್ಡ ಅಕ್ಷರದ ಬೋರ್ಡು. ಭಾಷಣ ಕಡಿಮೆ ಮಾಡಿ, ಎಲ್ಲರೂ ಸೇರಿ ಹಳೇ ಹಾಡು ಹಾಡಿ. ಮಾತು ಬಿಟ್ಟವರೂ ಹಾಡಿನ ಎರಡನೇ ಸಾಲು ಹಿಡಿಯುವುದನ್ನು ನಾನು ನೋಡಿದ್ದೇನೆ. ಹಾಡಿನ ನೆನಪು ಬಹಳ ಕಾಲ ಉಳಿಯುತ್ತದೆ.

ದುಡ್ಡಿಲ್ಲದೆಯೂ ಮಾಡಬಹುದಾದ ಎರಡು ಮಾದರಿಗಳಿವೆ. ನೆದರ್ಲೆಂಡ್ಸ್‌ನಲ್ಲಿ 1997ರಲ್ಲಿ ಮನೋವಿಜ್ಞಾನಿ ಬೇರಾ ಮೀಸೆನ್ ಅಲ್‌ಝೈಮರ್ ಕೆಫೆ ಅಂತ ಶುರುಮಾಡಿದರು. ತಿಂಗಳಿಗೊಮ್ಮೆ ಕಾಯಿಲೆ ಇರುವವರು, ಮನೆಯವರು, ವೈದ್ಯರು ಒಂದೇ ಕಡೆ ಸೇರುತ್ತಾರೆ. ಒಂದು ಸಣ್ಣ ಮಾತು, ಮಧ್ಯೆ ಬಿಡುವು, ಆಮೇಲೆ ಹರಟೆ. ಜಪಾನಿನಲ್ಲಿ 2005ರಿಂದ ಸುಮಾರು ಒಂದೂವರೆ ಗಂಟೆಯ ಪಾಠ ಕೊಟ್ಟು ಸಾಮಾನ್ಯ ಜನರನ್ನು, ಅಂಗಡಿಯವರನ್ನು, ಬ್ಯಾಂಕಿನವರನ್ನು, ಶಾಲೆಯ ಮಕ್ಕಳನ್ನು ಡಿಮೆನ್ಷಿಯಾ ಬೆಂಬಲಿಗರನ್ನಾಗಿ ಮಾಡುತ್ತಿದ್ದಾರೆ. ಒಂದು ಕೋಟಿಗೂ ಹೆಚ್ಚು ಜನ ಹೀಗೆ ಕಲಿತಿದ್ದಾರೆ. ನಿಮ್ಮ ಬೀದಿಯ ಹತ್ತು ಜನರಿಗೆ ಇದನ್ನು ಹೇಳಿಕೊಡಲು ಒಬ್ಬ ನರ್ಸ್ ಮತ್ತು ಒಂದು ಭಾನುವಾರ ಸಾಕು.

ದೂರ ಇರುವ ಮಕ್ಕಳು

ದೂರದಲ್ಲಿರುವ ಅಣ್ಣ ತಮ್ಮಂದಿರು ಫೋನ್ ಮಾಡಿ "ಹಾಗೆ ಮಾಡು, ಹೀಗೆ ಮಾಡು" ಅನ್ನುತ್ತಾರೆ. ಜಗಳ ಅಲ್ಲಿಂದಲೇ ಶುರು. ಅವರಿಗೂ ಕೆಲಸ ಕೊಡಿ: ಅರ್ಜಿ, ವಿಮೆ, ಔಷಧಿ ತರಿಸುವುದು, ತಿಂಗಳ ಲೆಕ್ಕ. ಎಲ್ಲಕ್ಕಿಂತ ಹೆಚ್ಚಾಗಿ ವರ್ಷಕ್ಕೆ ಎರಡು ವಾರ ಬಂದು ಪೂರ್ತಿ ಜವಾಬ್ದಾರಿ ತಗೊಂಡು ನೋಡಿಕೊಳ್ಳುವವರನ್ನು ಊರು ಬಿಡಿಸಿ ಕಳಿಸಲಿ. ಎರಡು ವಾರ ಕಳೆದ ಮೇಲೆ ಸಲಹೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ನೋಡಿಕೊಳ್ಳುವವರಿಗೂ ಒಂದು ಮಾತು. ಯಾರೋ ಬಂದು ಕೂತ ಆ ಎರಡು ಗಂಟೆಯಲ್ಲಿ ಬಟ್ಟೆ ಒಗೆಯಬೇಡಿ. ಮೊದಮೊದಲು ಹೊರಗೆ ಹೋದರೆ ತಪ್ಪು ಮಾಡಿದಂತೆ ಅನ್ನಿಸುತ್ತದೆ. ನಾಲ್ಕೈದು ವಾರದಲ್ಲಿ ಅದು ಸ್ವಲ್ಪ ಇಳಿಯುತ್ತದೆ.

ಕಾಲ ಕಳೆದಂತೆ

ಯಾರು ಯಾವತ್ತು ಬರುತ್ತಾರೆ ಅನ್ನುವ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆದು ನೋಡಿ. ಮೊದಲು ಜೊತೆಗೆ ನಡೆದಾಡಲು ಜನ ಬೇಕಿತ್ತು. ಆಮೇಲೆ ಮಗ್ಗುಲು ಬದಲಿಸಲು ಇಬ್ಬರು ಬೇಕಾಗುತ್ತಾರೆ. ಆ ಹಂತದಲ್ಲಿ ಕೆಲವರು ಗುಂಪಿನಿಂದ ಮೆಲ್ಲಗೆ ಜಾರುತ್ತಾರೆ. ಬೈಯಬೇಡಿ, ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಅವರಿಗೆ ಬೇರೆ ಕೆಲಸ ಕೊಡಿ.

ಅವರು ತೀರಿಕೊಂಡ ಮೇಲೂ ಪಟ್ಟಿಯನ್ನು ಅವತ್ತೇ ಹರಿಯಬೇಡಿ. ವರ್ಷಗಟ್ಟಲೆ ಅರ್ಧ ರಾತ್ರಿ ಎದ್ದವರಿಗೆ ಆಮೇಲೂ ಎಚ್ಚರವಾಗುತ್ತದೆ. ಆ ಪಕ್ಕದ ಮನೆಯಾಕೆ ಅಮ್ಮ ಹೋದ ಮೇಲೂ ಎರಡು ತಿಂಗಳು ಮಂಗಳವಾರ ನಾಲ್ಕಕ್ಕೆ ಬರುತ್ತಿದ್ದರು. ನಾವಿಬ್ಬರೂ ಸೇರಿ ತೆರೆಯದ ಡೈಪರ್ ಪ್ಯಾಕುಗಳನ್ನು, ಕಮೋಡ್ ಕುರ್ಚಿಯನ್ನು, ಬಾಗಿಲ ಬೆಲ್ಲನ್ನು ಒರೆಸಿ ಕಟ್ಟಿದೆವು. ಉಳಿದ ದುಡ್ಡಿನ ಜೊತೆ ಅದೆಲ್ಲ ಎರಡು ಬೀದಿ ಆಚೆಯ ಮನೆಗೆ ಹೋಯಿತು. ಆ ಕುರ್ಚಿ ಈಗ ಮೂರನೇ ಮನೆಯಲ್ಲಿದೆ. ಅಲ್ಲಿಗೆ ಗುರುವಾರ ನಾನು ಹೋಗುತ್ತೇನೆ, ಐದರಿಂದ ಏಳು.